ಕಾವಲಿಯ ಮೇಲೊಂದು ಲೋಕಲ್ ಟ್ರೈನು

ಐರೋಲಿಯಲ್ಲಿ ಪ್ರೇಮನಾಥರ ಹೋಟೆಲು ಎಂದರೆ ಸಂಜೆ ಹೊತ್ತು ಕೂರಲು ಜಾಗ ಸಿಗುವುದು ಕಷ್ಟ. ಐಟಿ ಪಾರ್ಕಿನ ಹುಡುಗ ಹುಡುಗಿಯರು ನಿಂತುಕೊಂಡೇ ದೋಸೆ ತಿಂದು ಹೋಗುತ್ತಿದ್ದರು. ಆದರೆ ಆ ಹೋಟೆಲಿನ ಯಜಮಾನರ ಸ್ವಂತ ಮಕ್ಕಳಿಗೆ ಊಟವೆಂದರೆ ಬೇಸರ.

ಮಗಳು ಮಾನಸಿ ಆರನೇ ಕ್ಲಾಸು, ಮಗ ಸಮಿತ್ ಮೂರನೇ ಕ್ಲಾಸು. ತಾಯಿ ಪ್ರಫುಲ್ಲಾ ವಾಶಿಯ ಒಂದು ಕಚೇರಿಯಲ್ಲಿ ದುಡಿದು, ಲೋಕಲಿನ ಗರ್ದಿಯಲ್ಲಿ ನಿಂತುಕೊಂಡು ಮನೆ ಸೇರುವಾಗ ಕತ್ತಲಾಗಿರುತ್ತಿತ್ತು. ಅಷ್ಟರಲ್ಲಿ ಮಕ್ಕಳು ಚಿಪ್ಸು, ವಡಾಪಾವ್ ತಿಂದು ಟಿವಿ ಮುಂದೆ ಕೂತಿರುತ್ತಿದ್ದರು. ಹೆಚ್ಚಿನ ದಿನ ಹೋಟೆಲಿನಿಂದಲೇ ಪಾರ್ಸೆಲ್ ಬರುತ್ತಿತ್ತು. ಪ್ರಫುಲ್ಲಾ ಆಸೆಯಿಂದ ಬಸಳೆ ಸೊಪ್ಪಿನ ಸಾಂಬಾರು ಮಾಡಿದ ದಿನ ತಟ್ಟೆಗಳು ಹಾಗೆಯೇ ಹಿಂದೆ ಬರುತ್ತಿದ್ದವು.

"ಮಮ್ಮಿ, ಯೇ ಹರಾ ಹರಾ ನಹೀ ಖಾನಾ," ಎಂದು ಸಮಿತ್ ಮುಖ ತಿರುಗಿಸುತ್ತಿದ್ದ. ಸೊಪ್ಪಿನ ಹಸಿರು ಕಂಡರೇ ಅವನಿಗೆ ಆಗದು.

ಒಂದು ಬೆಳಿಗ್ಗೆ ಶಾಲೆಯ ಪ್ರಾರ್ಥನೆಗೆ ನಿಂತಿದ್ದ ಮಾನಸಿ ತಲೆ ತಿರುಗಿ ಬಿದ್ದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. "ಹುಡುಗಿಗೆ ರಕ್ತ ಕಡಿಮೆ ಇದೆ. ಮಾತ್ರೆ ಬರೆದುಕೊಡುತ್ತೇನೆ. ಆದರೆ ಸೊಪ್ಪು, ಬೇಳೆಕಾಳು ಹೊಟ್ಟೆಗೆ ಹೋಗದಿದ್ದರೆ ಮತ್ತೆ ಹೀಗೇ ಆಗುತ್ತದೆ," ಎಂದರು.

ಪ್ರಫುಲ್ಲಾ ಪಕ್ಕದ ಫ್ಲ್ಯಾಟಿಗೆ ಹೋಗಿ ಮಹಾದೇವಕ್ಕನ ಮುಂದೆ ಕಣ್ಣೀರು ಹಾಕಿದಳು. ಮಹಾದೇವಕ್ಕ ವಿಜಾಪುರದ ಕಡೆಯವರು. ಬಹಳ ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದ ಟೀಚರು.

"ಎಷ್ಟು ಮಾಡಿ ಬಡಿಸಿದರೂ ಮುಟ್ಟುವುದಿಲ್ಲ, ಅಕ್ಕಾ. ನಾನಿನ್ನು ಎಂತ ಮಾಡುವುದು?"

"ನೀ ಮಾಡಿ ಬಡಿಸೂದ ಬಿಡವಾ. ಅವರ ಕೈಲೇ ಮಾಡಸು."

"ಇಷ್ಟು ಸಣ್ಣ ಮಕ್ಕಳ ಕೈಯಲ್ಲಾ?"

"ಸಣ್ಣಾವರಿಗೆ ಸಣ್ಣ ಕೆಲಸ. ನಮ್ಮ ಸಾಲ್ಯಾಗ ಕಣ್ಣಾರೆ ನೋಡೀನಿ ನಾ. ತಾವ ಬಿಡಿಸಿದ ಬಟಾಣಿ, ತಾವ ತೊಳದ ಪಾಲಕ ಅಂದ್ರ ಹುಡುಗ್ರು ಬಾಯಾಗ ಹಾಕ್ಕೊಂಡು ನೋಡತಾವ. ಒಮ್ಮಿ ಸೇರಲಿಲ್ಲ ಅಂದ್ರ ಬೈಬ್ಯಾಡ, ಇನ್ನೊಮ್ಮಿ ಮಾಡಸು. ಮ್ಯಾಲ ಒಂದೀಟು ಲಿಂಬಿಹಣ್ಣ ಹಿಂಡು. ಸೊಪ್ಪಿನ್ಯಾಗಿನ ಕಬ್ಬಿಣ ಮೈಗೆ ಹತ್ತತೈತಿ."

"ಕೈ ಸುಟ್ಟುಕೊಂಡರೆ?"

"ಅದಕ್ಕ ಮೊದಲ ಹೇಳಿಬಿಡು. ಗ್ಯಾಸು, ಕುದಿಯೂ ಎಣ್ಣಿ, ಮಿಕ್ಸರು ದೊಡ್ಡಾವರ ಕೆಲಸ. ಚಾಕು ಹಿಡಿಯಾಕಿ ಮಾನಸಿ ಒಬ್ಬಾಕಿ, ಅದೂ ನೀ ಬಾಜೂಕ ನಿಂತಾಗ. ಸುರುವಿಗೆ ಕೈ ತೊಳಕೊಳ್ಳೂದು, ಕಡೀಕ ಕಟ್ಟಿ ಒರಸೂದು."

ಆ ಶನಿವಾರ ಸಂಜೆ ಟಿವಿ ಬಂದ್ ಆಯಿತು. ಮಹಾದೇವಕ್ಕ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಸಮಿತ್ ಪಾಲಕ್ ತೊಳೆದ, ನೆಲವನ್ನೂ ತೊಳೆದ. ಮಾನಸಿ ಕ್ಯಾರೆಟ್ ತುರಿದಳು. ಪ್ರಫುಲ್ಲಾ ಪಾಲಕ್ ರುಬ್ಬಿ ದೋಸೆ ಹಿಟ್ಟಿಗೆ ಬೆರೆಸಿದಳು. ಇನ್ನೊಂದು ಬಟ್ಟಲಿಗೆ ಬೀಟ್‌ರೂಟ್ ರಸ, ಮತ್ತೊಂದಕ್ಕೆ ಕ್ಯಾರೆಟ್ ತುರಿ.

ಬಣ್ಣ ನೋಡಿ ಸಮಿತ್ ಕುಣಿದ. "ಮಮ್ಮಿ, ಟ್ರೈನ್ ಬನಾತೇ ಹೈ!"

ಪ್ರಫುಲ್ಲಾ ಕಾವಲಿಯ ಮೇಲೆ ಒಂದರ ಪಕ್ಕ ಒಂದು ಪುಟ್ಟ ದೋಸೆ ಹೊಯ್ದಳು. ಹಸಿರು ದೋಸೆ ರೈಲು ಓಡಿಸುವ ಮೋಟರ್‌ಮ್ಯಾನಿನ ಡಬ್ಬಿ. ಕೆಂಪಿನದು ಲೇಡೀಸ್ ಡಬ್ಬಿ. ಬಟಾಣಿ ಕಾಳು ಇಟ್ಟರೆ ಅದೇ ಪ್ಯಾಸೆಂಜರ್. ಸಮಿತ್ ಎಲ್ಲಕ್ಕಿಂತ ಮೊದಲು ಹಸಿರು ಡಬ್ಬಿಯನ್ನೇ ತಿಂದ. ಪ್ರಫುಲ್ಲಾ ಸಟ್ಟುಗ ಹಿಡಿದುಕೊಂಡೇ ನಕ್ಕಳು.

ಅಷ್ಟರಲ್ಲಿ ಪ್ರೇಮನಾಥ ಮನೆಗೆ ಬಂದರು. ಮಗಳ ಕೈಯಲ್ಲಿ ತುರಿಮಣೆ, ಮಗನ ಮೈಯೆಲ್ಲ ಹಿಟ್ಟು. ಅವರ ಮುಖ ಕಪ್ಪಿಟ್ಟಿತು.

"ಎಂತ ಇದು? ನನ್ನ ಮಕ್ಕಳ ಕೈಯಲ್ಲಿ ಅಡುಗೆ ಮಾಡಿಸುವಂಥದ್ದು ಎಂತ ಬಂದಿದೆ ಈ ಮನೆಗೆ?"

ಸಮಿತ್ ಅಮ್ಮನ ಹಿಂದೆ ಸರಿದ.

ಪ್ರೇಮನಾಥರ ಸಿಟ್ಟಿಗೆ ಕಾರಣವಿತ್ತು. ಅವರು ಮಾನಸಿಯಷ್ಟಿದ್ದಾಗ ಕಾರ್ಕಳದ ಹತ್ತಿರದ ಊರಿನಿಂದ ಕಲ್ಯಾಣ ಪಟ್ಟಣಕ್ಕೆ ಬಂದು ಒಂದು ಹೋಟೆಲು ಸೇರಿದ್ದರು. ಹಗಲೆಲ್ಲ ಲೋಟ ತೊಳೆದು, ಅಕ್ಕಿ ಉದ್ದು ರುಬ್ಬಿ ಬೆರಳ ಸಂದಿಗಳು ಹುಣ್ಣಾಗುತ್ತಿದ್ದವು. ದೊಡ್ಡವರಾಗಿ ಸ್ವಂತ ಹೋಟೆಲು ಮಾಡಿದ ಮೇಲೆ ಸಣ್ಣ ಹುಡುಗರನ್ನು ಒಂದು ದಿನವೂ ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ. ತಮ್ಮ ಮಕ್ಕಳ ಕೈ ಸೌಟು ಮುಟ್ಟಬಾರದು ಎಂದು ಹಟ ತೊಟ್ಟಿದ್ದರು.

ಮಹಾದೇವಕ್ಕ ಮೆಲ್ಲಗೆ ಹೇಳಿದರು. "ಪ್ರೇಮನಾಥ ಅವರ, ನೀವು ಪಟ್ಟ ಕಷ್ಟ ಯಾವ ಹುಡುಗಗೂ ಬರಬಾರದು. ನಿಮಗ ಸಾಲಿ ಬಿಡಿಸಿ ದುಡಿಸಿದ್ರು. ಉಂಡ್ಯೇನೋ ಅಂತ ಯಾರೂ ಕೇಳಲಿಲ್ಲ. ಈ ಹುಡುಗ್ರು ಸಾಲಿ ಮುಗಿಸಿ ಬಂದು, ಅವ್ವನ ಮಗ್ಗಲಕ ನಿಂತು ತಮ್ಮ ಊಟ ತಾವ ಮಾಡ್ಕೋತಾವ. ಅದೂ ಇದೂ ಒಂದ ಹೆಂಗ ಆಗತೈತಿ ಹೇಳ್ರಿ?"

"ನಿಮ್ಮ ಮಾತು ಸರಿ ಇರಬಹುದು ಟೀಚರ್. ನನಗೆ ನೋಡ್ಲಿಕ್ಕೆ ಆಗುವುದಿಲ್ಲ," ಎಂದು ಪ್ರೇಮನಾಥ ಒಳಗೆ ಹೋಗಿಬಿಟ್ಟರು.

ಆದರೂ ಬೇಡ ಎನ್ನಲಿಲ್ಲ. ಅವರು ಹೋಟೆಲಿನಲ್ಲಿರುವ ಹೊತ್ತಿನಲ್ಲಿ ಮಕ್ಕಳ ಅಡುಗೆ ಮುಂದುವರಿಯಿತು. ಒಂದು ದಿನ ಮೊಳಕೆ ಹೆಸರುಕಾಳಿನ ಕೋಸಂಬರಿ, ಒಂದು ದಿನ ಮೆಂತ್ಯ ಸೊಪ್ಪಿನ ಚಪಾತಿ. ಮಾನಸಿಯ ಚಪಾತಿ ಯಾವ ದೇಶದ ನಕಾಶೆಯಂತಿದೆ ಎಂದು ಊಹಿಸುವುದೇ ಸಮಿತ್‌ಗೆ ಆಟ. ಉಪ್ಪು ಹೆಚ್ಚಾದ ದಿನವೂ ಇತ್ತು. ತಾನೇ ಮಾಡಿದ್ದೆಂದು ಅವನು ಅದನ್ನೂ ಮೊಸರು ಕಲಸಿ ತಿಂದು ಮುಗಿಸಿದ.

ಮಳೆಗಾಲದ ಒಂದು ಸಂಜೆ ರೈಲಿನ ಮೇಲಿನ ತಂತಿ ಕಡಿದು ಲೋಕಲುಗಳು ನಿಂತುಬಿಟ್ಟವು. ಪ್ರಫುಲ್ಲಾ ಘಣಸೋಲಿ ಸ್ಟೇಷನ್ನಿನ ಹತ್ತಿರ ಸಿಕ್ಕಿಹಾಕಿಕೊಂಡಳು. ಅವಳ ಫೋನ್ ಬಂದ ಕೂಡಲೇ ಪ್ರೇಮನಾಥ ಮನೆಗೆ ಓಡಿದರು. ಗಡಿಬಿಡಿಯಲ್ಲಿ ಪಾರ್ಸೆಲ್ ತರುವುದೇ ಮರೆತುಹೋಯಿತು. ಮಕ್ಕಳು ಹಸಿದಿರುತ್ತಾರಲ್ಲ ಎಂದು ನೊಂದುಕೊಂಡೇ ಬಾಗಿಲು ತಳ್ಳಿದರು.

ಒಳಗೆ ಮಹಾದೇವಕ್ಕ ಕುರ್ಚಿಯಲ್ಲಿದ್ದರು. ಮೇಜಿನ ಮೇಲೆ ಕೋಸಂಬರಿ, ತೆಂಗಿನಕಾಯಿ ಬೆಲ್ಲ ಹಾಕಿ ಕಲಸಿದ ಅವಲಕ್ಕಿ, ಬಣ್ಣಬಣ್ಣದ ದೋಸೆ ಹಿಟ್ಟಿನ ಬಟ್ಟಲುಗಳು. ಕಟ್ಟೆ ಒರೆಸಿ ಸ್ವಚ್ಛವಾಗಿತ್ತು. ಗ್ಯಾಸು ಹಚ್ಚಿರಲಿಲ್ಲ.

"ಪಪ್ಪಾ, ಗ್ಯಾಸ್ ದೊಡ್ಡವರ ಕೆಲಸ. ಅದಕ್ಕೆ ನಾವು ಮುಟ್ಟಲಿಲ್ಲ," ಎಂದಳು ಮಾನಸಿ.

"ಅಜ್ಜಿ ಇದ್ದಾರಲ್ಲ ಮಗಾ, ಅವರು ಹಚ್ಚುತ್ತಿದ್ದರು."

"ನಾನೇ ಬೇಡ ಅಂದೆ. ದೋಸೆ ನೀವೇ ಹೊಯ್ಯಬೇಕು. ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಹೇಳಿದ್ದೇನೆ, ಮೇರೇ ಪಪ್ಪಾ ಜೈಸಾ ಡೋಸಾ ಕೋಯಿ ನಹೀ ಬನಾತಾ. ನನ್ನ ಪಪ್ಪನ ಹಾಗೆ ದೋಸೆ ಯಾರೂ ಹೊಯ್ಯುವುದಿಲ್ಲ ಅಂತ. ನಮಗೆ ಕಲಿಸಿಕೊಡಿ ಪಪ್ಪಾ."

ಮಕ್ಕಳ ಕೈ ಸೋಕಬಾರದೆಂದು ಪ್ರೇಮನಾಥ ಇಷ್ಟು ವರ್ಷ ದೂರವಿಟ್ಟಿದ್ದ ಕೆಲಸವನ್ನು ಮಗಳು ಕ್ಲಾಸಿನವರ ಮುಂದೆ ತಲೆ ಎತ್ತಿ ಹೇಳಿಕೊಂಡಿದ್ದಳು. ಅವರು ಅಂಗಿಯ ತೋಳು ಮಡಚಿ, ಕೈ ತೊಳೆದು, ಹೆಗಲಿಗೆ ಟವೆಲು ಹಾಕಿಕೊಂಡರು.

"ದೂರ ನಿಂತು ನೋಡಿ. ಮೊದಲು ಕಾವಲಿಗೆ ನೀರು ಚಿಮುಕಿಸಬೇಕು. ಚುಯ್ ಅಂತದೆ ಅಲ್ಲ? ಆಗ ಉರಿ ಸಣ್ಣ ಮಾಡುವುದು. ಹಿಟ್ಟು ನಡುವಿಂದ ಹೊರಗೆ ಹೋಗಬೇಕು. ಕೈ ಒತ್ತಬೇಡ ಮಗಾ, ಹಗುರ."

ಮಗಳ ಕೈಯ ಮೇಲೆ ತಮ್ಮ ಕೈ ಇಟ್ಟು ಒಂದು ದೋಸೆ ಹೊಯ್ಯಿಸಿದರು. ಅದು ಚಂದ್ರನ ಹಾಗೆ ದುಂಡಗೆ ಬಂತು. ಸಮಿತ್ ತಟ್ಟೆಯಲ್ಲಿ ರೈಲು ಜೋಡಿಸಿ ಪ್ರತಿ ಡಬ್ಬಿಗೂ ಲಿಂಬೆ ಹಿಂಡಿದ. ತಂದೆಗೆ ಯಾವ ಡಬ್ಬಿಯಲ್ಲಿ ಏನಿದೆ ಎಂದು ಅವನೇ ವಿವರಿಸಿದ.

ಪ್ರಫುಲ್ಲಾ ನೆನೆದುಕೊಂಡು ಮನೆ ಸೇರಿದಾಗ ಅಡುಗೆಮನೆಯಿಂದ ಗಂಡನ ನಗು ಕೇಳುತ್ತಿತ್ತು. ಅವಳಿಗೆ ಒಣ ಬಟ್ಟೆ ಕೊಟ್ಟು ಕೂರಿಸಿ ಮೂವರೂ ಸೇರಿ ಬಡಿಸಿದರು.

"ಹೋಟೆಲಿನವರನ್ನು ಮದುವೆಯಾದ ಮೇಲೆ ಕೂತಲ್ಲಿಗೇ ಬಿಸಿ ದೋಸೆ ಬಂದದ್ದು ಇವತ್ತೇ ಮೊದಲು!" ಎಂದಳು ಪ್ರಫುಲ್ಲಾ. ಎಲ್ಲರಿಗಿಂತ ಜೋರಾಗಿ ನಕ್ಕವರು ಪ್ರೇಮನಾಥ. ಆಮೇಲೆ ಮಹಾದೇವಕ್ಕನ ಕಡೆ ತಿರುಗಿ, "ಟೀಚರ್, ನಾನು ಹಳೆಯದನ್ನೇ ಹಿಡಿದುಕೊಂಡು ಕೂತಿದ್ದೆ. ಈ ಮಕ್ಕಳು ನನ್ನ ಕಣ್ಣು ತೆರೆಸಿದರು," ಎಂದರು.

ದೀಪಾವಳಿಯ ಹೊತ್ತಿಗೆ ಮಾನಸಿಯ ರಕ್ತ ಮತ್ತೆ ಪರೀಕ್ಷೆ ಮಾಡಿಸಿದರು. ಚೆನ್ನಾಗಿ ಏರಿತ್ತು. ಮಾತ್ರೆಯ ಜೊತೆಗೆ ಊಟವೂ ಹತ್ತಿದೆ ಎಂದು ಡಾಕ್ಟರು ಬೆನ್ನು ತಟ್ಟಿದರು. ಈಗ ವಾರಕ್ಕೊಂದು ಸಂಜೆ ಪ್ರೇಮನಾಥ ಹೋಟೆಲಿನಿಂದ ಬೇಗ ಬಂದು ಮಕ್ಕಳ ಜೊತೆ ಅಡುಗೆಗೆ ನಿಲ್ಲುತ್ತಾರೆ. ಗಿರಾಕಿಗಳು ದೋಸೆ ಹೊಗಳಿದರೆ, "ಇದೆಂತ ದೋಸೆ ಮಾರಾಯ್ರೆ, ನನ್ನ ಮಗಳ ಕೈದು ನೋಡ್ಬೇಕು ನೀವು. ಮಗ ಕೋಸಂಬರಿಗೆ ಉಪ್ಪು ಹಾಕಿದರೆ ಮತ್ತೆ ರುಚಿ ನೋಡುವುದೇ ಬೇಡ," ಎನ್ನುತ್ತಾರೆ.

ಈ ಕಥೆ ಓದಿದ ಅಮ್ಮಂದಿರೇ, ಅಪ್ಪಂದಿರೇ, ಇವತ್ತು ಸಂಜೆ ನಿಮ್ಮ ಮಗುವನ್ನು ಅಡುಗೆಮನೆಗೆ ಕರೆಯಿರಿ. ಹುಡುಗಿಯನ್ನು ಕರೆದ ಹಾಗೆಯೇ ಹುಡುಗನನ್ನೂ ಕರೆಯಿರಿ. ಕೈ ತೊಳೆಸಿ, ವಯಸ್ಸಿಗೆ ತಕ್ಕ ಒಂದು ಕೆಲಸ ಕೊಡಿ. ಬೆಂಕಿಯ ಹತ್ತಿರ ನೀವೇ ಇರಿ. ನೆಲಕ್ಕೆ ಹಿಟ್ಟು ಚೆಲ್ಲಿದರೆ ಚೆಲ್ಲಲಿ, ಒರೆಸುವುದನ್ನೂ ಕಲಿಯುತ್ತಾರೆ. ಅಡುಗೆಗೆ ಹೆಸರಿಡುವುದನ್ನು ಅವರಿಗೇ ಬಿಡಿ. ಊಟಕ್ಕೆ ಕೂತಾಗ ಮನೆಯವರೆಲ್ಲರ ಎದುರು ದೊಡ್ಡ ದನಿಯಲ್ಲಿ ಹೇಳಿ: "ಇದು ನಮ್ಮ ಮಗು ಮಾಡಿದ್ದು." ಆಗ ಆ ಮಗುವಿನ ಮುಖ ನೋಡಿ. ತಟ್ಟೆ ಖಾಲಿಯಾಗುವುದನ್ನೂ ನೋಡಿ.