ಹಿಂದೆ ನಿಲ್ಲುವವನು

ಶಂಭುಲಿಂಗನಿಗೆ ನಿದ್ದೆ ಇರಲಿಲ್ಲ. ಉಳಿದದ್ದೆಲ್ಲ ಇತ್ತು: ಕಿರವತ್ತಿಯಲ್ಲಿ ಹೆಂಚಿನ ಮನೆ, ಹೊತ್ತಿಗೆ ಸರಿಯಾಗಿ ಉಣ್ಣಲು ಇಡುವ ತಾಯಿ ಗಿರಿಜವ್ವ, ಜೇಬಿನಲ್ಲಿ ಲಾರಿ ಓಡಿಸುವ ಲೈಸೆನ್ಸು.

ತೊಂಬತ್ತೇಳರಲ್ಲಿ ಅರಬೈಲ್ ಘಟ್ಟದ ಏರಿನಲ್ಲಿ ಅವನ ಲಾರಿ ನಿಂತುಹೋಗಿತ್ತು. ಹಿಂದಿನ ಗಾಲಿಗೆ ಕಲ್ಲು ಕೊಡಲು ಕ್ಲೀನರ್ ಕೆರಿಯ ಇಳಿದ. ಬ್ರೇಕು ಹಿಡಿಯಲಿಲ್ಲ, ಲಾರಿ ಹಿಂದಕ್ಕೆ ಜಾರಿ ಅವನ ಮೇಲೆ ಹಾಯಿತು. ಕೆರಿಯ ಕೂಗಿರಬೇಕು, ಎಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ತಪ್ಪು ಬ್ರೇಕಿನದು ಎಂದು ಕೋರ್ಟು ಶಂಭುಲಿಂಗನನ್ನು ಬಿಟ್ಟಿತು. ಅವನು ಬಂದು ಮನೆಯ ಕಟ್ಟೆಯ ಮೇಲೆ ಕೂತ. ಮಾತು ನಿಂತಿತು. ಧಾರವಾಡದ ಆಸ್ಪತ್ರೆಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ಏನಾದರೂ ಕೆಲಸಕ್ಕೆ ಹಚ್ಚಿ ಎಂದರು. ಗುಳಿಗೆ ಕಣ್ಣು ಮುಚ್ಚಿಸುತ್ತಿತ್ತು, ಅಷ್ಟೆ.

ಹೆದ್ದಾರಿ ಪಕ್ಕ ಧಾಬಾ ನಡೆಸುತ್ತಿದ್ದ ಮಧುಕೇಶ್ವರ ಅವನ ಗೆಳೆಯ. ಒಂದು ದಿನ ಬಂದು ರಟ್ಟೆ ಹಿಡಿದ.

“ಏಳಪಾ. ನೀ ಕುಂತು ಕುಂತು ಕಟ್ಟಿ ಸವದೈತಿ. ನನ್ನ ಅಂಗಳದಾಗ ಲಾರಿ ಹಿಂದ ತಗಿಯೋರಿಗೆ ಸೀಟಿ ಊದಾಕ ಒಬ್ಬ ಬೇಕು.”

“ನಾನಾ?” ಎಷ್ಟೋ ತಿಂಗಳ ಮೇಲೆ ಅವನು ಆಡಿದ ಮೊದಲ ಮಾತು ಅದು.

“ಮತ್ಯಾರು, ನಿಮ್ಮವ್ವನ್ನ ನಿಲ್ಲಸ್ಲೇನು?”

“ಪಗಾರ ಕೊಟ್ರ ನಾನೂ ಬರ್ತೇನಿ,” ಎಂದಳು ಗಿರಿಜವ್ವ ಒಳಗಿನಿಂದ.

ಧಾಬಾದ ಅಂಗಳಕ್ಕೆ ಎರಡು ದಾರಿ. ಒಂದರಲ್ಲಿ ಬಂದು ಇನ್ನೊಂದರಲ್ಲಿ ನೇರ ಹೊರಬೀಳಬಹುದಿತ್ತು. ಹಿಂದಕ್ಕೆ ತೆಗೆಯುವ ಅಗತ್ಯ ಯಾವ ಲಾರಿಗೂ ಇರಲಿಲ್ಲ. ಮಧುಕೇಶ್ವರ ಖಾಯಂ ಗಿರಾಕಿಗಳಿಗೆಲ್ಲ ಹೇಳಿಟ್ಟಿದ್ದ. ಅವರು ಉಂಡು, ಕೈ ಒರೆಸಿಕೊಂಡು, ಬೇಕೆಂದೇ ಬಂದ ದಾರಿಯಲ್ಲಿ ಲಾರಿ ಹಿಂದಕ್ಕೆ ತೆಗೆಯುತ್ತಿದ್ದರು. ಶಂಭುಲಿಂಗ ಲಾರಿಯ ಹಿಂದೆ, ಕೆರಿಯ ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಬೇಕಾಯಿತು. ಮೊದಲ ದಿನ ಸೀಟಿ ತುಟಿಯಲ್ಲೇ ಉಳಿಯಿತು.

ಯಲ್ಲಾಪುರದ ಡ್ರೈವರ್ ಸೀತಾರಾಮ ಕಿಟಕಿಯಿಂದ ತಲೆ ಹೊರಹಾಕಿದ. “ಎಂತ ಮಾರಾಯಾ, ಊದ್ತ್ಯಾ ಇಲ್ಯಾ? ಇಲ್ದಿದ್ರೆ ನಾನು ಇಲ್ಲೇ ಸಂಸಾರ ಹೂಡ್ತೆ.”

ಶಂಭುಲಿಂಗ ಊದಿದ. “ಬರ್ಲಿ... ಬರ್ಲಿ... ಹೋಲ್ಡಾನ್.”

ಗುಳಿಗೆಯನ್ನು ತಿಂಗಳು ತಿಂಗಳು ಧಾರವಾಡದಿಂದ ತರುತ್ತಿದ್ದವನೂ ಸೀತಾರಾಮನೇ. ಮಳೆಗಾಲ ಮುಗಿಯುವ ಹೊತ್ತಿಗೆ ಮಗ ಗೊರಕೆ ಹೊಡೆಯುತ್ತಾನೆ ಎಂದು ಗಿರಿಜವ್ವ ಊರೆಲ್ಲ ದೂರತೊಡಗಿದಳು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಮಧುಕೇಶ್ವರನಿಗೆ ಹೇಳಿದ: “ಆ ಕಡಿ ದಾರಿ ಐತಲ್ಲೋ. ನಾನೂ ಡ್ರೈವರ್ ಅದೇನಿ, ಕುರುಡಲ್ಲ.”

“ಮತ್ತ ಯಾಕ ನಿಲ್ತಿ?”

“ಅವರು ತಗೀತಾರ, ನಾ ನಿಲ್ತೇನಿ. ಹಿಂದ ಒಬ್ಬ ಇರಬೇಕಲ್ಲ.”

ಹೀಗೆ ಆರು ವರ್ಷ ನಡೆಯಿತು. ಆಮೇಲೆ ಅದಿರಿನ ಲಾರಿಗಳು ಬಂದವು, ಹೊಸಪೇಟೆ ಕಡೆಯಿಂದ ಬಂದರಿಗೆ, ಒಂದರ ಬಾಲಕ್ಕೆ ಇನ್ನೊಂದು. ಡ್ರೈವರುಗಳು ಹೊರಗಿನವರು. ಟ್ರಿಪ್ಪು ಹೆಚ್ಚಾದಷ್ಟು ದುಡ್ಡು. ಗಬಗಬ ತಿಂದು ಇನ್ನೊಂದು ದಾರಿಯಲ್ಲಿ ನೇರ ಹೋಗಿಬಿಡುತ್ತಿದ್ದರು. ಹಳೆಯ ಗಿರಾಕಿಗಳಿಗೆ ಅಂಗಳದಲ್ಲಿ ಜಾಗ ಸಿಗದೆ ಅವರು ಬೇರೆ ಕಡೆ ಉಣ್ಣತೊಡಗಿದರು. ಸೀತಾರಾಮನೂ ಅದಿರು ಸಾಗಿಸಲು ಹೋದ. ಧಾರವಾಡದ ದಾರಿ ತಪ್ಪಿ, ಗುಳಿಗೆ ಬರುವುದು ನಿಂತಿತು. ಮಧುಕೇಶ್ವರ ಹೊಸಬರಿಗೂ ಹೇಳಿ ನೋಡಿದ.

“ಒಬ್ಬ ಹುಚ್ಚನ ಸಲುವಾಗಿ ಡೀಸೆಲ್ ಸುಡ್ಬೇಕೇನ್ರಿ?” ಎಂದ ಒಬ್ಬ. ಶಂಭುಲಿಂಗ ಅಲ್ಲೇ ಸೀಟಿ ಹಿಡಿದು ನಿಂತಿದ್ದ.

ಗಿರಿಜವ್ವ ಬಸ್ಸು ಹತ್ತಿ ಹೋಗಿ ಗುಳಿಗೆ ತಂದಳು. ಅವನು ಮುಟ್ಟಲಿಲ್ಲ. “ಎದ್ದು ಮಾಡೂದು ಏನೈತಿ? ನಿದ್ದಿ ಯಾಕಬೇ?” ಎಂದ.

ಆಮೇಲೆ ಅವನು ಕಲ್ಲು ಹೊರಲು ಶುರುಮಾಡಿದ. ನಿಂತ ಲಾರಿಗಳ ಹಿಂದಿನ ಗಾಲಿಗೆಲ್ಲ ಕಲ್ಲು ಕೊಡುತ್ತಿದ್ದ. ತೆಗೆಯಲು ಬಂದರೆ ಕಲ್ಲಿನ ಮೇಲೆ ತಾನೇ ಕೂರುತ್ತಿದ್ದ. ಟ್ರಿಪ್ಪು ಕಳೆದುಕೊಂಡ ಡ್ರೈವರುಗಳು ಒಂದು ದಿನ ಸೇರಿ ಹೊಡೆದರು. ಮಧುಕೇಶ್ವರ ಬಿಡಿಸಲು ನುಗ್ಗಿದ. ಅವನನ್ನು ಇಬ್ಬರು ಹಿಡಿದುಕೊಂಡರು, ಉಳಿದವರು ಸಾಕಾಗುವಷ್ಟು ಹೊಡೆದರು.

ಶಂಭುಲಿಂಗ ಮತ್ತೆ ಕಟ್ಟೆಯ ಮೇಲೆ ಕೂತ. ಮಧುಕೇಶ್ವರ ಬಂದು ರಟ್ಟೆ ಹಿಡಿದ. “ಏಳಪಾ,” ಎಂದ. ಮುಂದೆ ಹೇಳಲು ಅವನ ಹತ್ತಿರ ಕೆಲಸ ಇರಲಿಲ್ಲ. ಹಿಡಿದ ಕೈ ಬಿಟ್ಟ.

ಹೋದದ್ದು ಇಷ್ಟು: ಮುಂದಿನ ಎರಡು ಹಲ್ಲು, ಒಂದು ಸೀಟಿ, ನಿದ್ದೆ.