ತಿನ್ನದ ಆಮೆ

ಭಾನುವಾರ ಚರ್ಚು ಬಿಟ್ಟ ಮೇಲೆ ಮನೆಮಂದಿಯೆಲ್ಲ ಒಂದೇ ಚಾಪೆಯಲ್ಲಿ ಉಣ್ಣುವುದು ಫಿಜಿಯ ಕಂದಾವು ದ್ವೀಪದ ವಾಡಿಕೆ. ಮೂರು ಭಾನುವಾರಗಳಿಂದ ಕೆಲೆರಾಳಿಗೆ ಮಾತ್ರ ಬಾಗಿಲ ಬಳಿ ಬೇರೆ ಚಾಪೆ, ಬೇರೆ ಕರಟ. ಹುಡುಗಿಯ ಮೈತುಂಬ ಮಳೆಹನಿ ಸಿಡಿದಂತೆ ಚುಕ್ಕೆಗಳು, ಮೇಲೆ ಬಿಳಿ ಹೊಟ್ಟು. ಅಜ್ಜಿ ಉಪ್ಪು ಹಾಕಿ ಕಲ್ಲಿನಿಂದ ಉಜ್ಜಿದ್ದರು. ಉಜ್ಜಿದಲ್ಲೆಲ್ಲ ಹೊಸ ಚುಕ್ಕೆ ಎದ್ದವು.

ಮೈಮೇಲೆ ಎದ್ದದ್ದು ಒಳಗೆ ಬಚ್ಚಿಟ್ಟ ತಪ್ಪು ಎಂಬುದು ಹಿರಿಯರ ನಂಬಿಕೆ. ಬೇರು ಅರೆದು ಮಾಡುವ ಮತ್ತಿನ ಪಾನೀಯ ಕಾವಾದ ಬಟ್ಟಲಿನ ಮುಂದೆ ಅದನ್ನು ಕಕ್ಕುವವರೆಗೆ ಪಂಕ್ತಿಗೆ ಸೇರಿಸುವುದಿಲ್ಲ.

"ಏನ್ ಮಾಡಿದೀಯ, ಹೇಳಮ್ಮ," ಎಂದರು ದೊಡ್ಡಪ್ಪ ಅಪಿಸಾಯಿ, ಬಟ್ಟಲು ಮುಂದಿಟ್ಟುಕೊಂಡು. "ತಿನ್ನಬಾರದ ಮೀನು ತಿಂದ್ಯಾ? ಗೋರಿ ದಾಟಿದ್ಯಾ?"

"ಗಂಟಲು ನೋವು ಬಂದಿತ್ತು ದೊಡ್ಡಪ್ಪ. ನಾನ್ ಮಾಡಿದ್ದು ಅದೊಂದೇ."

"ಗಂಟಲಿಗೂ ಮೈಗೂ ಏನೇ ಸಂಬಂಧ?"

ಕೆಲೆರಾ ಸೊಂಟಕ್ಕೆ ಕೈಯಿಟ್ಟು ಆಸ್ಪತ್ರೆಯ ನರ್ಸಕ್ಕನ ಮೂಗುದನಿ ತೆಗೆದಳು: "'ಗಂಟಲ ಸೋಂಕು ಕೆಲವರ ಚರ್ಮವನ್ನ ಹೀಗೆ ಕೆರಳಿಸುತ್ತೆ. ಸೋರಿಯಾಸಿಸ್ಸಿನ ಒಂದು ಬಗೆ. ಅಂಟೋದಿಲ್ಲ. ಉಜ್ಜಬೇಡ, ಮುಲಾಮು ಹಚ್ಚು, ಎಳೆಬಿಸಿಲಿಗೆ ಸ್ವಲ್ಪ ಮೈಯೊಡ್ಡು. ಎಷ್ಟೋ ಜನಕ್ಕೆ ಕೆಲವು ತಿಂಗಳಲ್ಲಿ ತಾನೇ ಹೋಗುತ್ತೆ. ಮತ್ತೆ ಗಂಟಲು ಕೆಟ್ಟರೆ ಕೂಡಲೇ ಬಾ.'"

ಚಿಕ್ಕವರು ಕಿಸಕ್ಕೆಂದರು. ಅಪಿಸಾಯಿ ಗುರುಗುಟ್ಟಿದರು.

"ನಿಮ್ಮ ಕಾಲೂ ಹೊಪ್ಪಳೆ ಏಳ್ತಿದೆಯಲ್ಲ ದೊಡ್ಡಪ್ಪ. ಅದ್ಯಾವ ತಪ್ಪು?"

"ಇದು ಕಾವಾ ಕುಡಿದು ಬಂದದ್ದು. ಗಂಡಸಿನ ಗೌರವ."

"ಅಂದ್ರೆ ನಿಮ್ಮ ಹೊಟ್ಟು ಗೌರವ, ನನ್ನ ಹೊಟ್ಟು ಪಾಪ. ಮಾಡದ ತಪ್ಪು ನಾನು ಒಪ್ಪಲ್ಲ."

ಅಜ್ಜಿ ನಿಟ್ಟುಸಿರಿಟ್ಟರು. "ಹಟ ಮಾಡ್ಬೇಡ ಕಣೆ. ಸೊಸೆಯಾಗಿ ಬಂದ ವರ್ಷ ನಿಮ್ಮಮ್ಮನಿಗೂ ಹೀಗೇ ಆಗಿತ್ತು. ಊರ ನಾಯಕರ ಪಾಲಿನ ಆಮೆ ಕದ್ದು ತಿಂದೆ ಅಂತ ಒಪ್ಪಿದ್ಳು. ಎರಡೇ ತಿಂಗಳು, ಮೈ ನುಣ್ಣಗಾಯ್ತು."

ಹತ್ತೊಂಬತ್ತು ವರ್ಷಗಳಿಂದ ಕೆಲೆರಾಳ ತಾಯಿಯನ್ನು ಊರೆಲ್ಲ ಕರೆಯುವುದು ಆಮೆ ವಸೀತಿ ಎಂದೇ.

ಕೆಸುವಿನ ಗಡ್ಡೆ ಬಡಿಸುತ್ತಿದ್ದ ವಸೀತಿ ಪಾತ್ರೆ ಕೆಳಗಿಟ್ಟಳು. "ನಾನು ಆಮೆ ತಿಂದಿರಲಿಲ್ಲ, ಅತ್ತೆ."

ಅವಳು ಕೈ ಒರೆಸಿಕೊಂಡು ಬಾಗಿಲ ಬಳಿಯ ಚಾಪೆಯತ್ತ ತಿರುಗಿದಳು.

"ಬಾಗಿಲ ಹತ್ರ ಒಬ್ಬಳೇ ಕೂತು ಉಂಡು ಸಾಕಾಗಿತ್ತು. ಸುಳ್ಳು ಹೇಳಿದೆ. ಆಮೆ ಹೇಗಿರುತ್ತೆ ಅಂತ ಇವತ್ತಿಗೂ ನನ್ನ ನಾಲಿಗೆಗೆ ಗೊತ್ತಿಲ್ಲ. ಮೈ ತಾನಾಗೇ ವಾಸಿಯಾಯ್ತು. ಹೆಸರು ಮಾತ್ರ ವಾಸಿಯಾಗ್ಲಿಲ್ಲ."

ಅವಳು ಹೋಗಿ ಮಗಳ ಪಕ್ಕ ಕೂತು, ಮಗಳ ಕರಟದಿಂದಲೇ ನೀರು ಕುಡಿದಳು. ಆಮೇಲೆ ತಾಯಿ ಮಗಳು ಎದ್ದು, ಆ ಪುಟ್ಟ ಚಾಪೆಯನ್ನು ದರದರನೆ ಎಳೆದು ತಂದು ದೊಡ್ಡ ಚಾಪೆಗೆ ತಾಗಿಸಿ ಹಾಸಿದರು, ಅಪಿಸಾಯಿಯ ಮಗ್ಗುಲಲ್ಲೇ.

"ದೊಡ್ಡಪ್ಪ, ಸ್ವಲ್ಪ ನಿಮ್ಮ ಗೌರವ ಆಕಡೆ ಸರಿಸಿ," ಎಂದಳು ಕೆಲೆರಾ.

ಅಪಿಸಾಯಿ ಬಟ್ಟಲು ನೋಡಿದರು, ತಮ್ಮ ತಾಯಿಯ ಮುಖ ನೋಡಿದರು. ಅಜ್ಜಿ ಸೊಸೆಯ ತಟ್ಟೆಗೆ ಗಡ್ಡೆ ಬಡಿಸುತ್ತಿದ್ದರು.

ಅಪಿಸಾಯಿ ಕಾಲು ಮಡಚಿಕೊಂಡರು.