ಓ ಅಂದ ಹತ್ತು ದಿನ

"ತೀರಿಕೊಂಡದ್ದು ಯಾವತ್ತಂದಿಬೇ?" ಹಾಜರಿ ಪುಸ್ತಕದ ಮೇಲಿಟ್ಟ ಬೆರಳು ಎತ್ತದೆ ಕುಬೇರಪ್ಪ ಕೇಳಿದ.

"ಪಂಚಮಿ ಇನ್ನಾ ಎರಡ ದಿನಾ ಇತ್ರಿ. ಸೋಮಾರ." ಹನಮವ್ವ ಸೆರಗಿನ ಗಂಟು ಬಿಚ್ಚಿ ಪಂಚಾಯ್ತಿಯ ಚೀಟಿಯನ್ನು ಮೇಜಿನ ಮೇಲಿಟ್ಟಳು. ಮಗಳು ಸಣ್ಣವ್ವ ಸತ್ತದ್ದು ಜುಲೈ ಇಪ್ಪತ್ತೇಳು ಎಂದು ಅದರಲ್ಲಿ ಬರೆದಿತ್ತು.

ಕುಬೇರಪ್ಪ ಚೀಟಿ ನೋಡಿದ, ಪುಸ್ತಕ ನೋಡಿದ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಇಪ್ಪತ್ತೆಂಟಕ್ಕೆ ಸಣ್ಣವ್ವ ಹಾಜರ್. ಮೂವತ್ತಕ್ಕೆ ಹಾಜರ್. ಆಗಸ್ಟ್ ಎಂಟರವರೆಗೂ, ಹಬ್ಬ ಮತ್ತು ರವಿವಾರ ಬಿಟ್ಟು, ಹತ್ತು ದಿನ ಹಾಜರ್. ಆಮೇಲೆ, ಮಗಳು ಇನ್ನು ಕಾಲೇಜಿಗೆ ಬರುವುದಿಲ್ಲ ಎಂದು ಅವರೂರು ದುಮ್ಮವಾಡದಿಂದ ಯಾರೋ ಹನಮವ್ವನ ಪರವಾಗಿ ಬರೆದ ಕಾರ್ಡು ಬಂದು, ಹೆಸರು ತೆಗೆದದ್ದು.

ಕಲಘಟಗಿಯ ಆ ಕಾಲೇಜಿನಲ್ಲಿ ಹದಿನಾರು ವರ್ಷದಿಂದ ಕುಬೇರಪ್ಪನೇ ಗುಮಾಸ್ತ. ಕೆಟ್ಟವನಲ್ಲ. ನಿಯಮದ ಪುಸ್ತಕ ಬಾಯಿಪಾಠ ಮಾಡಿದವರೆಲ್ಲ ಕೆಟ್ಟವರೇ ಆಗಿರಬೇಕೆಂದೇನೂ ಇಲ್ಲವಲ್ಲ. ನಿಯಮ ಇಷ್ಟೆ: ಜುಲೈ ಮೂವತ್ತೊಂದರೊಳಗೆ ಬಿಟ್ಟವರಿಗೆ ಕಟ್ಟಿದ ಫೀ ಪೂರಾ ವಾಪಸು. ಒಂದು ದಿನ ದಾಟಿದರೂ ಬರೀ ಡಿಪಾಜಿಟ್ಟಿನ ಇಪ್ಪತ್ತು ರೂಪಾಯಿ. ಹನಮವ್ವ ಆಡು ಮಾರಿ ಕಟ್ಟಿದ್ದು ನೂರಾ ಎಂಬತ್ನಾಲ್ಕು. ಸ್ಕಾಲರ್‌ಶಿಪ್ ಬಂದ ಮೇಲೆ ಆ ದುಡ್ಡು ಅದರಲ್ಲಿ ತಿರುಗಿ ಬರುತ್ತದೆ ಎಂದು ಮಗಳು ಧೈರ್ಯ ಹೇಳಿದ್ದಳು. ಈಗ ಸ್ಕಾಲರ್‌ಶಿಪ್ಪಿನ ಮಾತೇ ಇಲ್ಲ. ಆ ಫೀ ಕೈಗೆ ಬಂದರೆ ಸಣ್ಣ ಮಗಳನ್ನು ಎಂಟನೇ ತರಗತಿಗೆ ಹಚ್ಚಬೇಕು, ಬರದಿದ್ದರೆ ಅವಳೂ ತಾಯಿಯ ಜೊತೆ ಕಳೆ ತೆಗೆಯಲು ಹೋಗಬೇಕು.

"ಪುಸ್ತಕದಾಗ ನಿನ್ನ ಮಗಳು ಆಗಸ್ಟ್ ಎಂಟರ ತನಕಾ ಬಂದಾಳಬೇ."

"ಎಲ್ಲಿಗ್ರಿ?"

"ಇಲ್ಲಿಗೇ. ಕ್ಲಾಸಿಗೆ."

ಕುಬೇರಪ್ಪ ಸಿಪಾಯಿ ಬಾಷಾಸಾಬನನ್ನು ಕಳಿಸಿ, ಆ ವರ್ಗದ ಹಾಜರಿ ಕೂಗುವ ಮಡಿವಾಳೆಪ್ಪ ಮಾಸ್ತರರನ್ನು ಕರೆಸಿದ. ಹಾಜರಿ ಕೂಗುವಾಗ ತಲೆ ಎತ್ತಿ ನೋಡುವ ರೂಢಿ ಮಾಸ್ತರರಿಗೆ ಇರಲಿಲ್ಲ. ಆದರೂ ಅವರ ಮಾತು ಖಡಕ್ಕಾಗಿತ್ತು.

"ಅಲ್ಲೋ ಕುಬೇರಪ್ಪ, ನಾ ಏನ್ ಸುಳ್ಳ ಬರೀತೀನೇನು? ಈ ಕಿವೀಲೇ ಕೇಳೇನಿ. ಆ ಹುಡುಗೀದು ಒಡಕ ದನಿ. ಸಾವಿರ ಮಂದ್ಯಾಗಿದ್ರೂ ಗುರ್ತ ಹಿಡೀತೀನಿ."

"ಆಕೀದ ದನೀನ ಏನ್ರಿ?" ಹನಮವ್ವ ಥಟ್ಟನೆ ಎದ್ದು ನಿಂತಳು. "ಎಲ್ಲಿ ಕುಂತಿದ್ಲರಿ? ಏನ್ ಉಟ್ಟಿದ್ಲರಿ?"

ತನ್ನ ಕೈಯಾರೆ ಮಗಳಿಗೆ ಮೂರು ಹಿಡಿ ಮಣ್ಣು ಹಾಕಿ ಬಂದವಳು ಅವಳು. ಆದರೂ ಆಸೆ ಅನ್ನುವುದು ಎಂಥ ಮಾನಗೆಟ್ಟದ್ದು ನೋಡಿ, ಆ ಮುಖದಲ್ಲಿ ಎದ್ದು ಕಾಣುತ್ತಿತ್ತು. ಕುಬೇರಪ್ಪ ಆಗ ಮಾಸ್ತರರಿಗೆ ಚೀಟಿ ತೋರಿಸಿದ. ಅವರು ಓದಿ, ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. "ಶಿವನ, ಮತ್ತ ನನಗ ಓ ಅಂದದ್ದ ಯಾರು?"

ಅದನ್ನು ಹೇಳಲು ರೇವವ್ವ ಬರಬೇಕಾಯಿತು; ಬಾಷಾಸಾಬನೇ ಹೋಗಿ ಕರೆತಂದ. ಸಣ್ಣವ್ವನ ಬಾಜು ಕೂಡುತ್ತಿದ್ದ ಹುಡುಗಿ, ಕಲಘಟಗಿಯ ಪೇಟೆಯ ಈರಬಸಪ್ಪನ ಮಗಳು. ಬಾಗಿಲಲ್ಲಿ ಹನಮವ್ವನನ್ನು ಕಂಡವಳೇ ಯಾರೂ ಕೇಳುವ ಮೊದಲೇ ಅಳಲು ಹತ್ತಿದಳು.

"ಜ್ವರ ಬಂದಾವು, ಸೋಮಾರ ಬರ್ತೀನಿ ಅಂದಿದ್ಲರಿ. ಹಾಜರಿ ಕಡಿಮಿ ಬಿದ್ರ ಸ್ಕಾಲರ್‌ಶಿಪ್ ಹೋಗ್ತೈತಿ, ಅಲ್ಲೀತನಾ ನನ್ನ ಹೆಸರಿಗೆ ನೀನ ಓ ಅನ್ನ ಅಂದ್ಲು. ಮಾಸ್ತರಿಗೆ ಸಂಶೇ ಬರಬಾರದಂತ ಆಕಿ ದನೀಲೇ ಅಂದೆ."

"ಸತ್ತದ್ದು ಗೊತ್ತಿರಲಿಲ್ಲೇನ?" ಕುಬೇರಪ್ಪ ಕೇಳಿದ.

"ಸಂತ್ಯಾಗ ದುಮ್ಮವಾಡದವರು ಹೇಳಿದ್ರು. ಗೊತ್ತಾದ ಮ್ಯಾಲೂ ನಾಕ ದಿನಾ ಅಂದೇನ್ರಿ." ರೇವವ್ವ ಹನಮವ್ವನ ಕಡೆ ತಿರುಗಿದಳು. "ಯವ್ವಾ, ಹೆಸರು ಕೂಗಿದ್ರ ನನಗ ಸುಮ್ಮ ಇರಾಕ ಆಗ್ತಿರಲಿಲ್ಲ. ನಾ ಓ ಅನ್ನಲಿಲ್ಲಂದ್ರ ಆಕಿ ಅವತ್ತ ಸತ್ತಂಗ ಆಗ್ತಿತ್ತು."

ಮಾಸ್ತರರು ಕಿಟಕಿಯ ಕಡೆ ಮುಖ ಮಾಡಿ ಕೂತರು.

ಕುಬೇರಪ್ಪ ದಾರಿ ಹುಡುಕಿದ. ಹುಡುಗಿ ತಪ್ಪೊಪ್ಪಿಗೆ ಬರೆದುಕೊಡಬೇಕು, ಮಾಸ್ತರರು ರುಜು ಹಾಕಬೇಕು, ಹತ್ತೂ ಹಾಜರಿಯ ಮೇಲೆ ಕೆಂಪು ಶಾಯಿಯಿಂದ ಗೆರೆ ಎಳೆದು ಗೈರು ಎಂದು ಬರೆಯಬೇಕು. ಪ್ರಿನ್ಸಿಪಾಲರ ಸಹಿ ತಾನು ಮಾಡಿಸುತ್ತೇನೆ ಎಂದ. ಫೀ ಪೂರಾ ವಾಪಸು.

"ಗೆರಿ ಎಳದ್ರ ಏನಾಗ್ತೈತ್ರಿ?" ಹನಮವ್ವ ಕೇಳಿದಳು.

"ಆ ಹತ್ತ ದಿನಾ ಆಕಿ ಇರಲಿಲ್ಲಂತ ಆಗ್ತೈತಿ."

ಹನಮವ್ವ ಪುಸ್ತಕವನ್ನೇ ನೋಡಿದಳು. ಅಕ್ಷರ ಬಾರದು, ಆದರೂ ನೋಡಿದಳು. ನೂರಾ ಎಂಬತ್ನಾಲ್ಕು ರೂಪಾಯಿಗೆ ಮಗಳ ಹತ್ತು ದಿನ. ಬ್ಯಾಡ್ರಿ ಅನ್ನಲು ಬಾಯಿ ತೆರೆದಳು, ಸಣ್ಣ ಮಗಳ ನೆನಪಾಯಿತು, ಮುಚ್ಚಿದಳು.

"ಎಳೀರಿ," ಅಂದಳು. "ಆದ್ರ ಸಾಹೇಬ್ರ, ಒಂದೊಂದ ದಿನಾ ಕೂಗಿ ಎಳೀರಿ. ಈ ಹುಡುಗಿ ಓ ಅನ್ನಲಿ. ನಾ ಒಮ್ಮಿ ಕೇಳತೀನಿ."

ಇಂಥದ್ದಕ್ಕೆ ನಿಯಮದ ಪುಸ್ತಕದಲ್ಲಿ ಏನೂ ಇರಲಿಲ್ಲ. ಕುಬೇರಪ್ಪ ಮಾಸ್ತರರ ಮುಖ ನೋಡಿದ, ಅವರು ತಿರುಗಲಿಲ್ಲ. ಕೆಂಪು ಪೆನ್ನಿನ ಟೋಪಿ ತೆಗೆದ.

"ಜುಲೈ ಇಪ್ಪತ್ತೆಂಟು. ನಂಬರ ನಲವತ್ತೊಂದು."

"ನಂಬರ ಬ್ಯಾಡ್ರಿ. ಹೆಸರ ಕೂಗ್ರಿ."

"ಸಣ್ಣವ್ವ ಗಂಗಪ್ಪ."

ರೇವವ್ವ ಕಣ್ಣು ಮುಚ್ಚಿದಳು. "ಹಾಜರ್ರೀ ಸರ್."

ಒಡಕು ದನಿ, ಕೊನೆಗೆ ಸ್ವಲ್ಪ ಮೇಲಕ್ಕೆ ಎಳೆದದ್ದು. ಹನಮವ್ವ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಾಗಿಲಲ್ಲಿದ್ದ ಬಾಷಾಸಾಬ ಹಿಂದಕ್ಕೆ ತಿರುಗಿ ವರಾಂಡ ನೋಡಿದ. ಕುಬೇರಪ್ಪ ಗೆರೆ ಎಳೆದ.

ಮೂವತ್ತು. ಮೂವತ್ತೊಂದು. ಆಗಸ್ಟ್ ಒಂದು. ಪ್ರತಿ ಸಲವೂ ಆ ದನಿ ಬಂತು, ಪ್ರತಿ ಸಲವೂ ಹನಮವ್ವ ಹೂಂ ಎಂದು ತಲೆಯಾಡಿಸಿದಳು, ಮನೆಗೆ ತಡವಾಗಿ ಬಂದ ಮಗಳಿಗೆ ಆಡಿಸಿದ ಹಾಗೆ. ಐದನೆಯದಕ್ಕೆ ಕುಬೇರಪ್ಪನ ಗೆರೆ ಸೊಟ್ಟ ಬಿತ್ತು. ಒಂಬತ್ತನೆಯದರ ಹೊತ್ತಿಗೆ ಅವನು ಪುಸ್ತಕದಿಂದ ತಲೆ ಎತ್ತುವುದನ್ನೇ ಬಿಟ್ಟಿದ್ದ.

"ಆಗಸ್ಟ್ ಎಂಟು. ಸಣ್ಣವ್ವ ಗಂಗಪ್ಪ."

ರೇವವ್ವ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಸಣ್ಣವ್ವ ಗಂಗಪ್ಪ," ಕುಬೇರಪ್ಪ ಇನ್ನೊಮ್ಮೆ ಕೂಗಿದ.

ಹನಮವ್ವ ಹುಡುಗಿಯ ತಲೆಯ ಮೇಲೆ ಕೈಯಿಟ್ಟಳು.

"ಇಲ್ರೀ ಸರ," ಅಂದಳು. "ಆಕಿ ಬಂದಿಲ್ಲ."

ಕುಬೇರಪ್ಪ ಕೊನೆಯ ಗೆರೆ ಎಳೆದ.